ಒಂಬತ್ತನೆಯ ವರ್ಷದ ವರದಿ

ಮಾನ್ಯರೇ,
ಹಂಚಿನ ಕಾರ್ಖಾನೆ ಓಣಿ ನಿವಾಸಿಗಳ ಸಂಘ, ಕಾಸರಗೋಡು.
ಕಾರ್ಖಾನೆ ಈಗಿಲ್ಲ, ಹೆಸರು ಉಂಟು.
ಮನೆ ಮೂವತ್ತೊಂದು, ಚಂದಾ ಕೊಟ್ಟವು ಇಪ್ಪತ್ತಾರು.
ಉಳಿದ ಐದರ ಹೆಸರು ಓದುವುದಿಲ್ಲ,
ಎದುರಿನ ಚಾಪೆಯಲ್ಲೇ ಕೂತಿದ್ದಾರೆ,
ಚಹಾದ ಎರಡನೇ ಗ್ಲಾಸು ಅವರ ಕೈಯಲ್ಲೇ.

ಬೀದಿದೀಪಕ್ಕೆ ನಗರಸಭೆಗೆ ಹದಿನಾಲ್ಕು ಅರ್ಜಿ.
ಏಳು ನಾನು ಕನ್ನಡದಲ್ಲಿ ಬರೆದೆ, ಉತ್ತರವಿಲ್ಲ.
ಏಳು ಮಣಿಯಾಣಿ ಮಾಷ್ಟ್ರು ಮಲಯಾಳದಲ್ಲಿ ಬರೆದರು,
ಅದಕ್ಕೂ ಇಲ್ಲ.
ಎರಡು ಭಾಷೆಯನ್ನೂ ಸಮನಾಗಿ ಕಂಡ ಕಚೇರಿ
ನನ್ನ ಜೀವಮಾನದಲ್ಲಿ ಅದೊಂದೇ.
ಕೊನೆಗೆ ಅಂತೋನಿ ಕ್ರಾಸ್ತರು
ಕೌನ್ಸಿಲರನ್ನು ರಾತ್ರಿಯೂಟಕ್ಕೆ ಕರೆದರು.
ಹಂದಿ ಪದಾರ್ಥ, ಸಣ್ಣ ಅಕ್ಕಿಯ ಸಣ್ಣ, ಎಲ್ಲ ಇತ್ತು,
ಹೊರಡುವಾಗ ಟಾರ್ಚು ಮಾತ್ರ ಇರಲಿಲ್ಲ.
ವಾರದೊಳಗೆ ಆರು ದೀಪ.

ಮಕ್ಕಳು ದಾಟುವಲ್ಲಿ ರಸ್ತೆಗೊಂದು ಉಬ್ಬು ಹಾಕಿಸಿದೆವು.
ಬೋರ್ಡಿಗೆ ಮೂರು ಸಭೆ ಹಿಡಿಯಿತು.
'ನಿಧಾನ' ಮೇಲೋ, 'ಪದುಕ್ಕೆ' ಮೇಲೋ
ಎಂದು ಕುರ್ಚಿ ಸರಿಯುವಷ್ಟರಲ್ಲಿ
ಐತಪ್ಪ ಬೆಳ್ಚಪ್ಪಾಡರು ಎದ್ದು 'ಮೆಲ್ಲ' ಎಂದರು.
ಬೋರ್ಡಿಗೆ ತುಳುವಿನ ಸಲಹೆಯೋ,
ನಮ್ಮ ಗಲಾಟೆಗೆ ಹೇಳಿದ್ದೋ
ಇಂದಿಗೂ ತಿಳಿದಿಲ್ಲ.
ನಾಲ್ಕನೆಯ ಸಭೆಗೆ ಮೊದಲು
ಮೀನಿನ ಬೈಕಿನ ಹುಡುಗ ಹಾರಿ ಬಿದ್ದ.
ಓಣಿ ತುಂಬ ಬಂಗುಡೆ, ಮೊಣಕೈಗೆ ನಾಲ್ಕು ಹೊಲಿಗೆ.
ಮರುದಿನವೇ ಬಿಳಿ ಪಟ್ಟಿ ಎಳೆದೆವು, ಐದು.
ಪಟ್ಟಿಗೆ ಲಿಪಿ ಇಲ್ಲ.

ತಿರುವಿನ ಉಬ್ಬುಕನ್ನಡಿ: ಎರಡು ಸಾವಿರದ ಎಂಟುನೂರು.
ಹಾಕಿದ ಮೇಲೆ ಅಪಘಾತ ಇಲ್ಲ.
(ಓದದೆ ಬಿಟ್ಟದ್ದು: ಸಂಜೆ ಹೊಲಿಗೆಯಂಗಡಿಗೆ ಬೀಗ ಹಾಕಿ ಬರುವಾಗ
ನಾನೂ ಅಲ್ಲಿ ನಿಲ್ಲುತ್ತೇನೆ.
ತಲೆ ಕುಂಬಳ, ಕಾಲು ಬೆಂಕಿಕಡ್ಡಿ,
ಬೆನ್ನ ಹಿಂದೆ ಇಡೀ ಓಣಿ
ಕೊಯ್ದ ಕಲ್ಲಂಗಡಿ ಹೋಳಿನಂತೆ ಬಾಗಿರುತ್ತದೆ.
ಯಾವುದಾದರೂ ವಾಹನ ಬರುತ್ತದೋ ಅಂತ ನೋಡುವುದು
ಎಂದು ಹೇಳಿಕೊಳ್ಳುತ್ತೇನೆ.)

ಗ್ಯಾಸ್ ಸಿಲಿಂಡರು ಎರಡು ಕಳವಾದ ಮೇಲೆ
ಮನೆಗೊಂದು ವಿಸಿಲ್ ಹಂಚಿದೆವು.
ಮೊದಲ ತಿಂಗಳು ಊದಿದವರು ಮಕ್ಕಳು ಮಾತ್ರ.
ಆಮೇಲೊಂದು ರಾತ್ರಿ, ಎರಡೂಕಾಲಕ್ಕೆ,
ಮಾಷ್ಟ್ರ ಮನೆಯಿಂದ ಉದ್ದದ ಒಂದು ಸೀಟಿ.
ಬೈರಾಸು ಸುತ್ತಿದವರು, ನೈಟಿಯ ಮೇಲೆ ಶಾಲು ಹೊದ್ದವರು,
ದೊಣ್ಣೆ, ಕತ್ತಿ, ಒಬ್ಬರ ಕೈಯಲ್ಲಿ ಇಡ್ಲಿ ಅಟ್ಟದ ಮುಚ್ಚಳ.
ಹಂಚಿನ ಮೇಲೆ ಕೂತಿದ್ದದ್ದು ಪುನುಗು ಬೆಕ್ಕು.
ಗೋಡೆ ವ್ಯಾಜ್ಯದಲ್ಲಿ ಹನ್ನೊಂದು ವರ್ಷ ಮಾತುಬಿಟ್ಟ ಕಾಮತರೂ ಅಂದುಂಞಿಯವರೂ
ಒಂದೇ ಏಣಿ ಹಿಡಿದಿದ್ದರು, ಬೆಕ್ಕು ಹಾರುವ ತನಕ.
ಬೆಳಗ್ಗೆ ಮತ್ತೆ ಮಾತಿಲ್ಲ.
ವರದಿಯಲ್ಲಿ: 'ಕಳ್ಳತನ ಶೂನ್ಯ.'

ಇನ್ನು ಚರಂಡಿ.
ಕಳೆದ ಆಟಿಯಲ್ಲಿ ನೀರು ತುಂಬಿ
ರಸ್ತೆ ಯಾವುದು, ಚರಂಡಿ ಯಾವುದು ಗೊತ್ತಾಗದೆ
ಬೀಫಾತುಮ್ಮ ಕಾಲು ಮುರಿದುಕೊಂಡದ್ದು ನಿಮಗೆ ಗೊತ್ತು.
ನಲವತ್ತೆರಡು ಸ್ಲಾಬು ಹಾಕಿಸಿದೆವು.
ನಲವತ್ತಮೂರನೆಯದಕ್ಕೆ ಹಣ ಸಾಲದೆ
ಓಣಿಯ ಬಾಯಲ್ಲೇ ಹಲಸಿನ ಹಲಗೆ ಒಂದು ಬಿದ್ದಿದೆ.
ಉಳಿಕೆ ಮುನ್ನೂರ ಹದಿನೇಳು ರೂಪಾಯಿ.

ಹಲಗೆ ತೆಗೆದು ಸ್ಲಾಬು ಹಾಕುವ ಠರಾವು ಓದಿದೆ.
ಯಾರೂ ಕೈ ಎತ್ತಲಿಲ್ಲ.
'ಅದರ ಸದ್ದು ಒಂದು ಅಭ್ಯಾಸವಾಗಿದೆ' ಎಂದರು ಮಾಷ್ಟ್ರು.
ದಡಕ್ ಎಂದು ಒಂದೇ ಸಲವಾದರೆ ಕ್ರಾಸ್ತರ ಮಗ, ನೈಟ್ ಡ್ಯೂಟಿ ಮುಗಿಸಿ;
ದಡ-ದಡಕ್ ಆದರೆ ಐತಪ್ಪಣ್ಣ, ಸೈಕಲ್ ತಳ್ಳಿಕೊಂಡು;
ಸದ್ದೇ ಇಲ್ಲದಿದ್ದರೆ ಹೊಸಬ, ಅಥವಾ ಕಳ್ಳ.
'ಇಡೀ ಓಣಿಗೆ ಒಂದು ಕಾಲಿಂಗ್ ಬೆಲ್ ಅಲ್ವಾ!'
ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳೇಕೆ.
ಪೆನ್ನು ಮುಚ್ಚುವುದರಲ್ಲಿದ್ದೆ.

ಬಾಗಿಲ ಹತ್ತಿರದ ಪ್ಲಾಸ್ಟಿಕ್ ಕುರ್ಚಿಯಿಂದ
ಊರುಗೋಲೊಂದು ಮೇಲೆದ್ದಿತು, ಬೀಫಾತುಮ್ಮನದು.
'ಸ್ಲಾಬು ಹಾಕಿ. ನೂರು ನನ್ನದು, ಬರ್ಕೊ.
ಬಂದದ್ದು ಗೊತ್ತಾಗಬೇಕಿದ್ದರೆ
ಕೆಮ್ಮಿಕೊಂಡು ಬರಲಿ ಎಲ್ಲರೂ.'

ಠರಾವು ಅಂಗೀಕಾರವಾಯಿತು.
ಸಹಿ: ಸುಗಂಧಿ, ಜೊತೆ ಕಾರ್ಯದರ್ಶಿ.